ಋತುವೂ ರೋಗವೂ: ವಸಂತದಲ್ಲಿ ಮೂಡುವ ಗಂಟುಗಳು

ಭದ್ರಾವತಿಯ ವಾಚಕರೊಬ್ಬರು ಬರೆದ ದೀರ್ಘ ಪತ್ರವೊಂದು ಕೆಲವು ವಾರಗಳಿಂದ ನಮ್ಮ ಬಳಿ ಇದೆ. ಅವರ ಪತ್ನಿಗೆ ಮಹಾಶಿವರಾತ್ರಿ ಕಳೆದು ಹತ್ತು ದಿನಗಳಾಗುವಷ್ಟರಲ್ಲಿ ಕಾಲಿನ ಎರಡೂ ಹರಡುಗಳು ಬಾತು, ನಡೆಯಲಾರದಂತಾಯಿತು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ, ಮುಟ್ಟಿದರೆ ನೋಯುವ ಕೆಂಪು ಗಂಟುಗಳೆದ್ದವು. ಸಂಜೆಯ ಹೊತ್ತಿಗೆ ಜ್ವರ, ಜೊತೆಗೆ ಒಣ ಕೆಮ್ಮು. ಮೊದಲು ವಾತವೆಂದರು. ಎದೆಯ ಎಕ್ಸ್-ರೇ ತೆಗೆದ ಮೇಲೆ ಕ್ಷಯವೆಂದರು. ತಿಂಗಳುಗಟ್ಟಲೆ ಕ್ಷಯದ ಮಾತ್ರೆಗಳನ್ನು ನುಂಗಿದ ಬಳಿಕ ಬೇರೊಂದೆಡೆ ಎದೆಯೊಳಗಿನ ಗ್ರಂಥಿಯ ಚೂರನ್ನು ತೆಗೆದು ಪರೀಕ್ಷಿಸಿ, ಇದು ಸಾರ್ಕಾಯಿಡೋಸಿಸ್ ಎಂದು ಹೇಳಿದರು. ಪತ್ರದ ಕೊನೆಯಲ್ಲಿ ಅವರು ಕೇಳಿರುವುದು ಹೀಗೆ: "ಶಾಸ್ತ್ರಿಗಳೆ, ಎರಡು ವರ್ಷದ ಹಿಂದೆ ಇವಳಿಗೆ ಕಣ್ಣು ಕೆಂಪಾಗಿ ಮಸುಕಾದದ್ದೂ ಯುಗಾದಿಯ ಹೊತ್ತಿನಲ್ಲೇ. ಈ ಕಾಯಿಲೆಗೂ ಋತುವಿಗೂ ಏನಾದರೂ ಸಂಬಂಧ ಉಂಟೆ? ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೆಸರೇನು?"

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಹೆಸರಿಲ್ಲ. ಗ್ರಂಥಿ, ಅರ್ಬುದ, ರಾಜಯಕ್ಷ್ಮ ಮುಂತಾದ ಶಬ್ದಗಳಲ್ಲಿ ಒಂದನ್ನು ಎಳೆದು ತಂದು ಈ ರೋಗಕ್ಕೆ ತೊಡಿಸುವವರಿದ್ದಾರೆ. ಎಳೆದು ಕಟ್ಟಿದ ಹೆಸರಿನಿಂದ ರೋಗಿಗೆ ಉಪಕಾರವಾಗದು, ಶಾಸ್ತ್ರಕ್ಕೂ ಗೌರವ ಬಾರದು. ಸಾರ್ಕಾಯಿಡೋಸಿಸ್ ಎಂಬುದು ಮೂಲತಃ ಗ್ರೀಕ್ ಶಬ್ದ. 'ಮಾಂಸದಂತಹುದು' ಎಂದು ಅದರ ಅರ್ಥ. ಲಂಡನ್ನಿನ ಜೊನಾಥನ್ ಹಚಿನ್ಸನ್ ೧೮೭೭ರಲ್ಲಿ ಚರ್ಮದ ಮೇಲಿನ ಇಂತಹ ಲಕ್ಷಣಗಳನ್ನು ವರ್ಣಿಸಿದರು. ೧೮೮೯ರಲ್ಲಿ ಫ್ರಾನ್ಸಿನ ಬೆಸ್ನಿಯೆ, ೧೮೯೯ರಲ್ಲಿ ನಾರ್ವೆಯ ಸೀಸರ್ ಬೋಕ್ ಅದನ್ನು ಮತ್ತಷ್ಟು ವಿವರಿಸಿದರು. ಇಂದಿನ ಹೆಸರಿನ ಬೀಜವಿರುವುದು ಬೋಕ್ ಅವರ ಬರಹದಲ್ಲಿ. ಚರ್ಮದ ಕಾಯಿಲೆಯೆಂದು ಮೊದಲು ತಿಳಿದದ್ದು ಶ್ವಾಸಕೋಶ, ಕಣ್ಣು, ಹೃದಯ, ನರ, ಯಕೃತ್ತು ಎಲ್ಲಿಯೂ ಮನೆಮಾಡಬಲ್ಲುದೆಂದು ಅನಂತರವಷ್ಟೆ ಗೊತ್ತಾಯಿತು.

ದೇಹದ ರಕ್ಷಕ ಕಣಗಳು ಯಾವುದೋ ಅನ್ಯವಸ್ತುವನ್ನು ಕಂಡು, ಅದನ್ನು ನಾಶಮಾಡಲಾಗದೆ, ಸುತ್ತುಗಟ್ಟಿ ನಿಂತಾಗ ಸಣ್ಣ ಸಣ್ಣ ಗಂಟುಗಳಾಗುತ್ತವೆ. ವೈದ್ಯರು ಅವನ್ನು ಗ್ರಾನ್ಯುಲೋಮ ಎನ್ನುತ್ತಾರೆ. ಕ್ಷಯದಲ್ಲಿಯೂ ಇಂತಹ ಗಂಟುಗಳೇ ಆಗುವುವು. ಆದರೆ ಅಲ್ಲಿ ಗಂಟಿನ ನಡುವೆ ಗಿಣ್ಣಿನಂತಹ ಕೊಳೆತ ಪದಾರ್ಥ ತುಂಬಿರುವುದು ಸಾಮಾನ್ಯ, ಸಾರ್ಕಾಯಿಡೋಸಿಸ್‌ನಲ್ಲಿ ಹಾಗಿರುವುದಿಲ್ಲ. ಕ್ಷಯಕ್ಕೆ ಕಾರಣವಾದ ಕ್ರಿಮಿಯನ್ನು ರಾಬರ್ಟ್ ಕಾಕ್ ೧೮೮೨ರ ಮಾರ್ಚ್ ೨೪ರಂದು ಲೋಕಕ್ಕೆ ತೋರಿಸಿಕೊಟ್ಟರು. ಸಾರ್ಕಾಯಿಡೋಸಿಸ್‌ಗೆ ಹಾಗೆ ಬೆರಳಿಟ್ಟು ತೋರಿಸಬಹುದಾದ ಒಂದು ಕಾರಣ ಇನ್ನೂ ಸಿಕ್ಕಿಲ್ಲ. ಹುಟ್ಟಿನಿಂದ ಬಂದ ಪ್ರಕೃತಿಯೂ ಹೊರಗಿನಿಂದ ಬಂದ ಯಾವುದೋ ವಸ್ತುವೂ ಸೇರಿದಾಗ ರೋಗ ಏಳುವುದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಮನೆಯಲ್ಲಿ ತಟ್ಟೆ ಲೋಟಗಳನ್ನು ಬೇರೆಯಿಡುವ ಅವಶ್ಯಕತೆ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕ್ಷಯವೆಂಬ ಮಾತು ಒಮ್ಮೆ ಕಿವಿಗೆ ಬಿದ್ದರೆ ನಮ್ಮ ಸಂಸಾರಗಳಲ್ಲಿ ಸೊಸೆಯಂದಿರು ಎಷ್ಟು ನೋಯುತ್ತಾರೆಂಬುದು ನಮಗೆ ತಿಳಿಯದ ವಿಷಯವಲ್ಲ.

ಇನ್ನು ಋತುವಿನ ಪ್ರಶ್ನೆ. ಪತ್ರದಲ್ಲಿ ವರ್ಣಿಸಿರುವ ಲಕ್ಷಣಸಮೂಹಕ್ಕೆ, ಎಂದರೆ ಜ್ವರ, ಹರಡುಗಳ ಬಾವು, ಕಾಲಿನ ಕೆಂಪು ಗಂಟು, ಎದೆಯ ಎರಡೂ ಬದಿಯ ದುಗ್ಧರಸ ಗ್ರಂಥಿಗಳ ಊತ ಇವೆಲ್ಲ ಒಟ್ಟಿಗೆ ಬರುವುದಕ್ಕೆ, ಸ್ವೀಡನ್ನಿನ ವೈದ್ಯ ಸ್ವೆನ್ ಲೋಫ್‌ಗ್ರೆನ್ ಅವರ ಹೆಸರು ಬಂದಿದೆ. ಅವರು ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದು ೧೯೪೦ ಮತ್ತು ೧೯೫೦ರ ದಶಕಗಳಲ್ಲಿ. ಈ ಬಗೆಯ ರೋಗ ಥಟ್ಟನೆ ಬರುತ್ತದೆ. ಬಂದ ದಿನವನ್ನು ರೋಗಿ ಮರೆಯುವುದಿಲ್ಲ. ಆದುದರಿಂದ ಯಾವ ಋತುವಿನಲ್ಲಿ ಹೆಚ್ಚೆಂದು ಲೆಕ್ಕ ಹಾಕುವುದು ಇಲ್ಲಿ ಸಾಧ್ಯವಾಯಿತು. ೧೯೮೯ರಲ್ಲಿ ಸ್ಪೇನಿನಿಂದಲೂ ೧೯೯೧ರಲ್ಲಿ ಗ್ರೀಸಿನಿಂದಲೂ ವರದಿಗಳು ಪ್ರಕಟವಾದವು. ಎರಡರ ಸಾರವೂ ಒಂದೇ: ರೋಗಾರಂಭವು ವರ್ಷದ ಎಲ್ಲ ತಿಂಗಳುಗಳಿಗೂ ಸಮನಾಗಿ ಹಂಚಿಹೋಗಿಲ್ಲ, ವಸಂತದಲ್ಲಿ ಗುಂಪುಗೂಡಿದೆ. ೧೯೯೮ರಲ್ಲಿ ನ್ಯೂಜಿಲೆಂಡಿನ ವರದಿ ಬಂತು. ಅಲ್ಲಿ ಋತುಗಳು ತಿರುಗುಮುರುಗು. ನಮಗೆ ಶರದೃತುವಾದಾಗ ಅವರಿಗೆ ವಸಂತ. ಅಲ್ಲಿಯೂ ಕಾಲಿನ ಗಂಟಿನೊಡನೆ ಬರುವ ರೋಗ ಅಲ್ಲಿಯ ವಸಂತದ ಸುಮಾರಿಗೇ ಹೆಚ್ಚಾಗಿ ಕಂಡಿತು. ತಿಂಗಳು ಬೇರೆಯಾದರೂ ಋತು ಒಂದೇ ಆಯಿತೆಂಬುದನ್ನು ಗಮನಿಸಬೇಕು. ಇದು ಕೇವಲ ಆಸ್ಪತ್ರೆಗಳ ರಜೆ ಅಥವಾ ಪಂಚಾಂಗದ ಆಕಸ್ಮಿಕವಾಗಿದ್ದರೆ ಭೂಮಿಯ ಎರಡು ಪಾರ್ಶ್ವಗಳಲ್ಲಿ ಹೀಗೆ ಕೂಡಿಬರುತ್ತಿರಲಿಲ್ಲ.

ಆದರೆ ಈ ರೋಗದ ಇನ್ನೊಂದು ಬಗೆಯಿದೆ. ಅದು ಸದ್ದಿಲ್ಲದೆ ಬರುವುದು. ಮಹಡಿ ಹತ್ತುವಾಗ ಸ್ವಲ್ಪ ಏದುಸಿರು, ಬಿಡದ ಕೆಮ್ಮು, ಕಾರಣವಿಲ್ಲದ ಆಯಾಸ, ತೂಕದಲ್ಲಿ ಇಳಿತ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಇದೇ; ಲೋಫ್‌ಗ್ರೆನ್ ಬಗೆ ಯೂರೋಪಿನಲ್ಲಿರುವಷ್ಟು ಇಲ್ಲಿ ಇಲ್ಲ. ಸದ್ದಿಲ್ಲದ ಬಗೆಯ ಆರಂಭ ಯಾವ ತಿಂಗಳಲ್ಲಾಯಿತೆಂದು ರೋಗಿಯೇ ಹೇಳಲಾರ. ಹೀಗಾಗಿ ಅಲ್ಲಿ ಋತುವಿನ ಗುರುತು ಮಸುಕಾಗುತ್ತದೆ.

ಚರಕ ವಾಗ್ಭಟರನ್ನು ಓದಿದವರಿಗೆ ವಸಂತದ ಹೆಸರು ಕೇಳಿದೊಡನೆ ಕಫದ ನೆನಪಾಗುವುದು ಸಹಜ. ಶಿಶಿರದ ಚಳಿಯಲ್ಲಿ ಸಂಚಯವಾದ ಕಫವು ವಸಂತದ ಬಿಸಿಲಿಗೆ ಕರಗಿ ಪ್ರಕೋಪಗೊಳ್ಳುವುದೆಂದೂ, ಗ್ರೀಷ್ಮದಲ್ಲಿ ಕೂಡಿದ ವಾತ ವರ್ಷದಲ್ಲಿಯೂ, ವರ್ಷದಲ್ಲಿ ಕೂಡಿದ ಪಿತ್ತ ಶರತ್ತಿನಲ್ಲಿಯೂ ಕೆರಳುವುದೆಂದೂ ಅವರ ಕ್ರಮ. ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಮೂರನೆಯ ಅಧ್ಯಾಯವೇ ಋತುಚರ್ಯೆಗೆ ಮೀಸಲು. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನ ಋತುವಿನ ಮೊದಲ ಏಳು ದಿನ ಸೇರಿ ಋತುಸಂಧಿ; ಆಗ ಹಳೆಯ ಆಹಾರವಿಹಾರಗಳನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಬೇಕು. ಶಾರ್ಙ್ಗಧರರಂತೂ ಕಾರ್ತೀಕದ ಕೊನೆಯ ಎಂಟು ದಿನ ಮತ್ತು ಮಾರ್ಗಶಿರದ ಮೊದಲ ಎಂಟು ದಿನಗಳನ್ನು ಯಮನ ಕೋರೆಹಲ್ಲೆಂದೇ ಕರೆದಿದ್ದಾರೆ. ಇವೆಲ್ಲ ಸೊಗಸಾದ ವೀಕ್ಷಣೆಗಳು. ಸಂಚಯ ಒಂದು ಋತುವಿನಲ್ಲಿ, ಪ್ರಕೋಪ ಮತ್ತೊಂದರಲ್ಲಿ ಎಂಬ ಅವರ ವಿಚಾರದಲ್ಲಿ ನಮಗೆ ವಿಶೇಷ ಗೌರವವಿದೆ. ರೋಗ ಕಾಣಿಸಿದ ದಿನವೇ ರೋಗ ಹುಟ್ಟಿದ ದಿನವಲ್ಲವೆಂಬ ತಿಳಿವು ಅದರಲ್ಲಿದೆ. ಆದರೂ ಕಫಪ್ರಕೋಪದಿಂದಲೇ ಸಾರ್ಕಾಯಿಡೋಸಿಸ್ ಬಂತೆಂದು ನಾವು ಹೇಳಲಾರೆವು. ಎರಡು ಸಂಗತಿಗಳು ಒಂದೇ ಋತುವಿನಲ್ಲಿ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ತಾಯಿಯಾಗದು.

ಋತುವೆಂದರೆ ಬರಿಯ ಪಂಚಾಂಗದ ಹಾಳೆಯೂ ಅಲ್ಲ. ಯೂರೋಪಿನ ವಸಂತವೆಂದರೆ ಆರು ತಿಂಗಳ ಚಳಿ ಕಳೆದು, ಮುಚ್ಚಿದ ಕಿಟಕಿ ತೆರೆದು, ಮರಗಳು ಪರಾಗ ಚೆಲ್ಲುವ ಕಾಲ. ಶಿವಮೊಗ್ಗೆಯ ವಸಂತ ಬೇರೆ. ಇಲ್ಲಿ ಚೈತ್ರ ಬರುವಷ್ಟರಲ್ಲಿ ತುಂಗೆಯ ಬಂಡೆಗಳು ಹೊರಬಿದ್ದಿರುತ್ತವೆ, ಹಾದಿಯ ಧೂಳು ಮೇಲೇಳುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡಲಾಗದು. ಇಪ್ಪತ್ತು ಕಿಲೋಮೀಟರಿನೊಳಗಿನ ಭದ್ರಾವತಿಗೂ ಇದೇ ಹವೆ. ಅದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಹೀಗಿರುವಾಗ ಸ್ಪೇನಿನ ಏಪ್ರಿಲನ್ನು ತಂದು ನಮ್ಮ ಏಪ್ರಿಲಿನ ಮೇಲೆ ಹೊದಿಸಿದರೆ ಲೆಕ್ಕ ತಪ್ಪುತ್ತದೆ. ಋತುವಿನಲ್ಲಿ ಕೆಲಸ ಮಾಡುವ ವಸ್ತು ಯಾವುದು, ಗಾಳಿಯೆ, ಧೂಳೆ, ಬೂಷ್ಟೆ, ಬಿಸಿಲೆ, ಕೀಟವೆ ಎಂದು ಕೇಳಬೇಕು.

ಹಾಗೆ ಕೇಳಿ ಉತ್ತರ ಪಡೆದ ಉದಾಹರಣೆಯೊಂದು ನಮ್ಮ ಜಿಲ್ಲೆಯಲ್ಲೇ ಇದೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಹೊಸದೊಂದು ವೈರಸ್ಸನ್ನು ಕಂಡುಹಿಡಿದರು. ಅದೇ ಜಗತ್ತಿನ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಇದು ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಾತ್ರ ವಿಜೃಂಭಿಸುವುದೇಕೆ? ಚಳಿಯಿಂದಲೂ ಅಲ್ಲ, ಬಿಸಿಲಿನಿಂದಲೂ ಅಲ್ಲ. ರೋಗ ಹರಡುವ ಉಣುಗಿನ ಬಾಳಿನಲ್ಲಿ ಮರಿ, ನಡುಪ್ರಾಯ, ಪ್ರೌಢ ಎಂಬ ಹಂತಗಳಿವೆ. ಪ್ರೌಢ ಉಣುಗುಗಳು ಮಳೆಗಾಲದಲ್ಲಿ ಚುರುಕು. ಮಳೆ ಮುಗಿದ ಮೇಲೆ ಮರಿಗಳು. ಅನಂತರದ ಒಣಗಾಲದಲ್ಲಿ ಕಾಡಿನ ನೆಲದ ತುಂಬ ನಡುಪ್ರಾಯದವು. ಮನುಷ್ಯನನ್ನು ಕಚ್ಚುವವು ಮುಖ್ಯವಾಗಿ ಇವೇ. ತರಗೆಲೆ ಗುಡಿಸಲು, ಸೌದೆ ತರಲು ಜನ ಕಾಡಿಗೆ ನುಗ್ಗುವುದೂ ಅದೇ ಕಾಲದಲ್ಲಿ. ಕೀಟದ ಪ್ರಾಯವೂ ಮನುಷ್ಯನ ಕೆಲಸವೂ ಒಂದೇ ತಿಂಗಳಿನಲ್ಲಿ ಎದುರುಬದುರಾದವು. ರೋಗಕ್ಕೆ ಋತು ಬಂತು. ೨೦೧೮ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದು ಮತ್ತೆ ತಲೆಯೆತ್ತಿದ್ದೂ ಇದೇ ಒಣಗಾಲದ ಆರಂಭದಲ್ಲಿ. ಮಂಗನ ಕಾಯಿಲೆಗೂ ಸಾರ್ಕಾಯಿಡೋಸಿಸ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಋತುವಿನ ಹಿಂದೆ ಇಂತಹ ಒಂದು ನಡೆ ಇರುತ್ತದೆಂಬುದನ್ನು ತೋರಿಸುವುದಕ್ಕಷ್ಟೆ ಇದನ್ನು ಹೇಳಿದೆವು.

ಸಾರ್ಕಾಯಿಡೋಸಿಸ್‌ಗೆ ಇದಕ್ಕಿಂತ ಹತ್ತಿರದ ಬಂಧುವೊಂದಿದೆ. ಬೂಷ್ಟು, ಹಕ್ಕಿಯ ಹಿಕ್ಕೆ, ಕೊಳೆತ ಹುಲ್ಲು ಇವುಗಳ ಸೂಕ್ಷ್ಮ ಧೂಳನ್ನು ಉಸಿರಿನೊಡನೆ ಒಳಗೆಳೆದುಕೊಂಡಾಗ ಕೆಲವರ ಶ್ವಾಸಕೋಶ ಸಹಿಸದೆ ಬಾತುಕೊಳ್ಳುತ್ತದೆ. ಅಲ್ಲಿಯೂ ಸಣ್ಣ ಗಂಟುಗಳೇಳುತ್ತವೆ. ವೈದ್ಯರು ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎನ್ನುವರು. ಜಪಾನಿನಲ್ಲಿ ಇದರ ಒಂದು ಬಗೆಗೆ ಬೇಸಗೆಯ ಹೆಸರೇ ಇದೆ. ಹಳೆಯ ಮರದ ಮನೆಗಳ ತೇವದಲ್ಲಿ ಬೆಳೆಯುವ ಬೂಷ್ಟೇ ಅದಕ್ಕೆ ಕಾರಣವೆಂದು ಅಲ್ಲಿಯವರು ತೋರಿಸಿದ್ದಾರೆ. ಮನೆ ಬದಲಿಸಿದರೆ ರೋಗ ಇಳಿಯುತ್ತದೆ, ಹಿಂದಿರುಗಿದರೆ ಏರುತ್ತದೆ. ನಮ್ಮ ದೇಶದಲ್ಲಿ ೨೦೧೨ರಿಂದ ೨೦೧೫ರವರೆಗೆ ೧೯ ನಗರಗಳ ೨೭ ಕೇಂದ್ರಗಳಲ್ಲಿ ಶ್ವಾಸಕೋಶದ ಇಂತಹ ಕಾಯಿಲೆಗಳ ೧,೦೮೪ ರೋಗಿಗಳನ್ನು ದಾಖಲಿಸಿದಾಗ ಸುಮಾರು ಅರ್ಧದಷ್ಟು ಮಂದಿಗೆ ಇದ್ದದ್ದು ಈ ಬಂಧುರೋಗ. ಸಾರ್ಕಾಯಿಡೋಸಿಸ್ ಇದ್ದವರು ನೂರಕ್ಕೆ ಎಂಟರಷ್ಟು. ತೇವದ ಏರ್ ಕೂಲರುಗಳ ಸಹವಾಸ ಆ ರೋಗಿಗಳಲ್ಲಿ ಬಹಳವಾಗಿ ಕಂಡುಬಂದಿತೆಂಬುದೂ ಅಲ್ಲಿ ದಾಖಲಾಗಿದೆ. ಆರಿದ್ರೆಯಿಂದ ಮಗೆಯವರೆಗೆ ಗೋಡೆ ಒಣಗದ ಮಲೆನಾಡಿನ ಮನೆಗಳಲ್ಲಿ ವಾಸಿಸುವ ನಮಗೆ ಇದು ದೂರದ ಸುದ್ದಿಯಲ್ಲ. ಅಟ್ಟದ ಮೇಲಿನ ಬೂಷ್ಟು ಹಿಡಿದ ಹುಲ್ಲನ್ನು ಇಳಿಸಿದ ದಿನ ಸಂಜೆಗೆ ಜ್ವರ ಕೆಮ್ಮು ಬಂದರೆ ಆ ಮಾತನ್ನು ವೈದ್ಯರಿಗೆ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಈಗ ವಿಷಯದ ಕಠಿಣ ಭಾಗಕ್ಕೆ ಬಂದೆವು. ಋತುವಿನ ಲೆಕ್ಕ ಹಾಕುವಾಗ ಮೂರು ದಿನಾಂಕಗಳು ಒಂದರೊಳಗೊಂದು ಬೆರೆತುಹೋಗುತ್ತವೆ: ಲಕ್ಷಣ ಮೊದಲು ಕಂಡ ದಿನ, ರೋಗಿ ಆಸ್ಪತ್ರೆಗೆ ಹೋದ ದಿನ, ರೋಗಕ್ಕೆ ಹೆಸರು ಬಿದ್ದ ದಿನ. ಆಸ್ಪತ್ರೆಯ ಪುಸ್ತಕದಲ್ಲಿ ಉಳಿಯುವುದು ಕೊನೆಯದು. ನಮ್ಮ ಕಡೆಯ ಗೃಹಸ್ಥರ ಜೀವನವನ್ನು ನೋಡಿರಿ. ಕೆಮ್ಮು ಶುರುವಾಗುವುದು ಮಳೆಗಾಲದಲ್ಲಿ. ನಾಟಿಯ ಕೆಲಸ ಮುಗಿಯಲಿ ಎನ್ನುತ್ತೇವೆ. ನಾಟಿ ಮುಗಿದರೆ ಹಬ್ಬಗಳ ಸಾಲು. ಅನಂತರ ಅಡಿಕೆಯ ಕೊಯ್ಲು. ಸುಲಿಯುವವರು, ಬೇಯಿಸುವವರು, ಅಂಗಳದಲ್ಲಿ ಒಣಗಿಸುವವರು ಎಲ್ಲರಿಗೂ ಊಟ ಹಾಕುವ ತಾಯಿಗೆ ತನ್ನ ಏದುಸಿರು ಎಣಿಕೆಗೇ ಬಾರದು. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ, ಮಕ್ಕಳ ಪರೀಕ್ಷೆ ಮುಗಿದಾಗ, ಶಿವಮೊಗ್ಗೆಗೆ ಹೋಗಿ ತೋರಿಸೋಣವೆಂಬ ಮಾತು ಹೊರಡುತ್ತದೆ. ಅದು ಯುಗಾದಿಯ ಹೊತ್ತು. ವೈದ್ಯರ ಪುಸ್ತಕದಲ್ಲಿ ವಸಂತದ ರೋಗಿಯೊಬ್ಬರು ಹೆಚ್ಚಾದರು. ಆದರೆ ವಸಂತಕ್ಕೂ ಆ ರೋಗಕ್ಕೂ ಸಂಬಂಧವಿರಲಿಲ್ಲ. ಸಂಬಂಧವಿದ್ದದ್ದು ಅಡಿಕೆಯ ಹಣಕ್ಕೆ.

ಸಂಸ್ಕೃತದಲ್ಲಿ ನಿದಾನವೆಂದರೆ ರೋಗದ ಮೂಲಕಾರಣ ಹಾಗೂ ಅದನ್ನು ಗುರುತಿಸುವ ಕ್ರಮ. ನಿಧನವೆಂದರೆ ಮರಣ. ಕನ್ನಡದಲ್ಲಿ ನಿಧಾನವೆಂದರೆ ಸಾವಕಾಶ. ಪಾಠಶಾಲೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿಸುವಾಗ ನಮ್ಮ ಗುರುಗಳು ಈ ಮೂರನ್ನೂ ಒಟ್ಟಿಗೆ ಬರೆಸುತ್ತಿದ್ದರು. ನಿದಾನದಲ್ಲಿ ನಿಧಾನವಾದರೆ ಉಳಿದ ಶಬ್ದವೇನೆಂದು ವಿದ್ಯಾರ್ಥಿಗಳೇ ಹೇಳಬೇಕಾಗಿತ್ತು.

ನಮ್ಮ ದೇಶದಲ್ಲಿ ಈ ರೋಗದ ನಿದಾನ ತಡವಾಗುವುದಕ್ಕೆ ಮುಖ್ಯ ಕಾರಣ ಕ್ಷಯದ ನೆರಳು. ಎರಡರಲ್ಲಿಯೂ ಕೆಮ್ಮು, ಜ್ವರ, ತೂಕ ಇಳಿಯುವುದು, ಎದೆಯ ಗ್ರಂಥಿಗಳ ಊತ. ಕ್ಷಯ ಬಹಳವಾಗಿರುವ ನಾಡಿನಲ್ಲಿ ವೈದ್ಯರು ಮೊದಲು ಅದನ್ನೇ ಶಂಕಿಸುವುದು ತಪ್ಪಲ್ಲ, ಕರ್ತವ್ಯ. ತೊಡಕು ಬರುವುದು ಕ್ರಿಮಿ ಸಿಕ್ಕದಿದ್ದರೂ ಶಂಕೆಯನ್ನೇ ಸಿದ್ಧಾಂತವಾಗಿ ಮಾಡಿಕೊಂಡಾಗ. ಲೋಫ್‌ಗ್ರೆನ್ ಬಗೆಯಲ್ಲಂತೂ ಒಂದು ವಿಚಿತ್ರ ಮೋಸವಿದೆ. ಅದು ಬಹುಮಂದಿಯಲ್ಲಿ, ಹತ್ತರಲ್ಲಿ ಎಂಟು ಮಂದಿಯಲ್ಲಾದರೂ, ತಿಂಗಳುಗಳಲ್ಲಿ ಅಥವಾ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಆ ಅವಧಿಯಲ್ಲಿ ಕ್ಷಯದ ಮಾತ್ರೆ ನುಂಗಿದ್ದರೆ ಮಾತ್ರೆಯಿಂದಲೇ ಗುಣವಾಯಿತೆಂದು ಎಲ್ಲರೂ ನಂಬುತ್ತಾರೆ. ಮಂತ್ರಿಸಿದ ತಾಯಿತ ಕಟ್ಟಿದ್ದರೆ ಕೀರ್ತಿ ತಾಯಿತಕ್ಕೆ ಹೋಗುತ್ತಿತ್ತು. ಮುಂದೆ ಕಣ್ಣು ಕೆಂಪಾದಾಗ ಯಾರೂ ಹಳೆಯದನ್ನು ಹೊಸದಕ್ಕೆ ಜೋಡಿಸುವುದಿಲ್ಲ. ಪತ್ರ ಬರೆದ ವಾಚಕರ ಮನೆಯಲ್ಲಿ ಕಣ್ಣಿನ ಕಾಯಿಲೆಯೇ ಮೊದಲು ಬಂತು. ಆಗಲೂ ಯಾರೂ ಎದೆಯ ಕಡೆ ನೋಡಲಿಲ್ಲ.

ಕ್ಷಯಕ್ಕೂ ಋತುವುಂಟೆಂದು ಹೇಳುವ ಅಧ್ಯಯನವಿದೆ. ೨೦೦೪ರಲ್ಲಿ ಪ್ರಕಟವಾದ ಭಾರತದ ಲೆಕ್ಕವೊಂದರಲ್ಲಿ ಉತ್ತರ ಭಾರತದಲ್ಲಿ ಏಪ್ರಿಲಿನಿಂದ ಜೂನಿನವರೆಗೆ ಕ್ಷಯರೋಗಿಗಳ ಸಂಖ್ಯೆ ಏರಿ, ವರ್ಷದ ಕೊನೆಯ ತಿಂಗಳುಗಳಲ್ಲಿ ಇಳಿದದ್ದು ಕಂಡಿತು. ದಕ್ಷಿಣದಲ್ಲಿ ಅಂತಹ ಏರಿಳಿತ ಕಾಣಲಿಲ್ಲ. ಆದುದರಿಂದ ಯುಗಾದಿಯ ಕೆಮ್ಮು ಕ್ಷಯದ್ದೋ ಸಾರ್ಕಾಯಿಡೋಸಿಸ್‌ನದೋ ಎಂದು ಋತುವನ್ನು ನೋಡಿ ನಿರ್ಣಯಿಸಲಾಗದು. ಕಫದ ಪರೀಕ್ಷೆ, ಕ್ರಿಮಿಯ ವಂಶದ್ರವ್ಯವನ್ನೇ ಹುಡುಕುವ ಹೊಸ ಪರೀಕ್ಷೆ, ಚರ್ಮದ ಮಾಂಟೂ ಪರೀಕ್ಷೆ, ಸ್ಕ್ಯಾನ್, ಅಗತ್ಯವಾದರೆ ಬಯಾಪ್ಸಿ ಇವುಗಳಿಂದಲೇ ತಿಳಿಯಬೇಕು. ಕ್ಷಯದ ಪರೀಕ್ಷೆಯೂ ಔಷಧವೂ ಸರ್ಕಾರದ ಆಸ್ಪತ್ರೆಗಳಲ್ಲಿ ಉಚಿತ. ಶಿವಮೊಗ್ಗೆಯಲ್ಲಿ ಮೆಗ್ಗಾನ್ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವುದೇ. ಮಾಂಟೂ ಪರೀಕ್ಷೆಯ ಕುರಿತು ಒಂದು ಮಾತು. ನಮ್ಮಲ್ಲಿ ಬಹುಮಂದಿ ವಯಸ್ಕರಿಗೆ ಕ್ಷಯಕ್ರಿಮಿಯ ಸೋಂಕು ಎಂದೋ ತಾಗಿರುವುದರಿಂದ ಚುಚ್ಚಿದ ಜಾಗ ಬಾತುಕೊಳ್ಳುವುದು ಅಪರೂಪವಲ್ಲ. ಸಾರ್ಕಾಯಿಡೋಸಿಸ್ ಇರುವವರಲ್ಲಿ ಅದು ಅನೇಕ ವೇಳೆ ಏಳುವುದೇ ಇಲ್ಲ. ನಮ್ಮ ನಾಡಿನಲ್ಲಿ ಚರ್ಮದ ಈ ಮೌನವೂ ವೈದ್ಯರಿಗೆ ಒಂದು ಸೂಚನೆ.

ಇನ್ನೊಂದು ದಿಕ್ಕಿನ ಅವಸರವೂ ಅಷ್ಟೇ ಅಪಾಯಕರ. ಸಾರ್ಕಾಯಿಡೋಸಿಸ್‌ಗೆ ಚಿಕಿತ್ಸೆ ಬೇಕಾದಾಗ ಸಾಮಾನ್ಯವಾಗಿ ಕೊಡುವುದು ಸ್ಟೀರಾಯ್ಡ್. ಒಳಗೆ ಇರುವುದು ಕ್ಷಯವೇ ಆಗಿದ್ದು ಬರಿಯ ಸ್ಟೀರಾಯ್ಡ್ ಕೊಟ್ಟರೆ ದೇಹದ ಕಾವಲು ಕುಗ್ಗಿ ಕ್ಷಯ ಉರಿದೆದ್ದೀತು. ಹರಡು ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಹೆಸರಿಲ್ಲದ ಪುಡಿ ಮಾತ್ರೆಗಳಲ್ಲಿಯೂ ಈ ದ್ರವ್ಯ ಅಡಗಿರುವುದುಂಟು.

ವಾಚಕರು ಕೇಳದೆ ಬಿಟ್ಟ ಆದರೆ ಋತುವಿಗೆ ನಿಜವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ನಮ್ಮ ಮಟ್ಟಿಗೆ ಇಡೀ ವಿಷಯದಲ್ಲಿ ಮನೆಮಂದಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಸಾರ್ಕಾಯಿಡೋಸಿಸ್‌ನ ಕೆಲವು ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಏರುವುದೆಂದು ೧೯೩೯ರಷ್ಟು ಹಿಂದೆಯೇ ಅಮೆರಿಕದಲ್ಲಿ ವರದಿಯಾಗಿತ್ತು. ಬಿಸಿಲಿನ ತಿಂಗಳುಗಳಲ್ಲಿ ಅದು ಹೆಚ್ಚೆಂದು ೧೯೬೩ರ ಲೇಖನವೊಂದು ತೋರಿಸಿತು. ಕಾರಣ ಗೊತ್ತಾದದ್ದು ೧೯೮೩ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಆ ಸಂಶೋಧಕರಲ್ಲಿ ಭಾರತೀಯ ಮೂಲದ ಓಂ ಶರ್ಮ ಅವರೂ ಒಬ್ಬರು. ಬಿಸಿಲು ಮೈಗೆ ಬಿದ್ದಾಗ ಚರ್ಮದಲ್ಲಿ ಡಿ ಜೀವಸತ್ವ ಹುಟ್ಟುತ್ತದೆ. ಅದು ಯಕೃತ್ತಿನಲ್ಲಿ ಒಂದು ಸಂಸ್ಕಾರ, ಮೂತ್ರಪಿಂಡದಲ್ಲಿ ಇನ್ನೊಂದು ಸಂಸ್ಕಾರ ಪಡೆದು ಬಲಶಾಲಿಯಾಗಿ, ಆಹಾರದ ಕ್ಯಾಲ್ಸಿಯಮ್ಮನ್ನು ಕರುಳಿನಿಂದ ರಕ್ತಕ್ಕೆ ಎಳೆಯುತ್ತದೆ. ಮೂತ್ರಪಿಂಡಕ್ಕೆ ಅಳತೆ ಗೊತ್ತು, ಸಾಕಾದಾಗ ನಿಲ್ಲಿಸುತ್ತದೆ. ಸಾರ್ಕಾಯಿಡೋಸಿಸ್‌ನಲ್ಲಿ ಗಂಟುಗಳೊಳಗಿನ ಕಣಗಳೇ ಈ ಕೊನೆಯ ಸಂಸ್ಕಾರವನ್ನು ಮಾಡತೊಡಗುತ್ತವೆ, ಅವಕ್ಕೆ ಅಳತೆಯಿಲ್ಲ. ಬಿಸಿಲು ಹೆಚ್ಚಿದಷ್ಟೂ ಕಚ್ಚಾವಸ್ತು ಹೆಚ್ಚು, ಕ್ಯಾಲ್ಸಿಯಂ ಹೆಚ್ಚು.

ಲಕ್ಷಣಗಳೋ ಬೇಸಗೆಯ ಸಾಮಾನ್ಯ ಉಪದ್ರವಗಳಂತೆಯೇ ಕಾಣುತ್ತವೆ. ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಸುಸ್ತು, ಓಕರಿಕೆ, ಮೂತ್ರದಲ್ಲಿ ಕಲ್ಲು. ಏಪ್ರಿಲಿನ ಶಿವಮೊಗ್ಗೆಯಲ್ಲಿ ಇದನ್ನು ಉಷ್ಣವೆಂದು ತಿಳಿದು ಎಳನೀರು ಕುಡಿಸುವುದು ವಾಡಿಕೆ. ಇದರ ಮೇಲೆ ಇನ್ನೊಂದು ಬಲೆ. ಮೈಕೈ ನೋವೆಂದಾಗ ಡಿ ಜೀವಸತ್ವದ ರಕ್ತಪರೀಕ್ಷೆ ಮಾಡಿಸುತ್ತಾರೆ. ಸಾಮಾನ್ಯ ಪರೀಕ್ಷೆ ಅಳೆಯುವುದು ಸಂಸ್ಕಾರ ಪೂರ್ತಿಯಾಗದ ರೂಪವನ್ನು. ಈ ರೋಗಿಗಳಲ್ಲಿ ಅದು ಬೇಗ ಖರ್ಚಾಗುವುದರಿಂದ ಕಡಿಮೆಯೆಂದು ತೋರುವುದುಂಟು. ಬಲಶಾಲಿ ರೂಪ ಮಾತ್ರ ಒಳಗೆ ತುಂಬಿರಬಹುದು. ಕಡಿಮೆಯೆಂಬ ಚೀಟಿ ನೋಡಿ ವಾರಕ್ಕೊಂದರಂತೆ ಅರವತ್ತು ಸಾವಿರ ಯೂನಿಟ್ಟಿನ ಪುಡಿಯ ಪೊಟ್ಟಣ, ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ. ಉರಿಯುವ ಒಲೆಗೆ ಸೌದೆ ಒಟ್ಟಿದಂತಾಯಿತು. ಸ್ಟೀರಾಯ್ಡ್ ತೆಗೆದುಕೊಳ್ಳುವವರ ಎಲುಬಿಗೆ ರಕ್ಷಣೆ ಬೇಕಾಗುವುದು ನಿಜ. ಆದರೆ ಈ ರೋಗದಲ್ಲಿ ರಕ್ತದ ಮತ್ತು ಮೂತ್ರದ ಕ್ಯಾಲ್ಸಿಯಂ ಅಳೆಸದೆ, ವೈದ್ಯರ ಅಪ್ಪಣೆಯಿಲ್ಲದೆ, ಆ ಪೊಟ್ಟಣವನ್ನು ಹಾಲಿಗೆ ಬೆರೆಸಿ ಕೊಡಬಾರದು. ಪಕ್ಕದ ಮನೆಯವರಿಗೆ ಅದರಿಂದ ಗುಣವಾಗಿದ್ದರೂ ಕೊಡಬಾರದು. ಒಂದು ಬೇಸಗೆಯಲ್ಲಿ ಕಲ್ಲಿನ ನೋವು ಬಂದವರು ಮುಂದಿನ ಮಾಘಮಾಸದಲ್ಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಉಚಿತ. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದ ಅಡಿಕೆ ಕೈಯಾಡಿಸುವ ಕೆಲಸವನ್ನು ಅಂತಹವರಿಗೆ ವಹಿಸದಿರುವುದು ಲೇಸು.

ಭದ್ರಾವತಿಯ ವಾಚಕರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ೧೯೨೩ರಲ್ಲಿ ಕಬ್ಬಿಣ ತಯಾರಿಸತೊಡಗಿದ ಊರು ಅದು. ಕಾಗದದ ಕಾರ್ಖಾನೆಯೂ ಆಮೇಲೆ ಬಂತು, ಈಗ ಅಲ್ಲಿ ಉತ್ಪಾದನೆ ನಿಂತಿದೆ. ಕುಲುಮೆ, ಅಚ್ಚಿನ ಮರಳು, ಇಟ್ಟಿಗೆಯ ಧೂಳು ಇವುಗಳ ನಡುವೆ ಮೂವತ್ತು ವರ್ಷ ದುಡಿದು ನಿವೃತ್ತರಾದವರು ಅಲ್ಲಿ ಮನೆಮನೆಗೂ ಇದ್ದಾರೆ. ಸ್ವೀಡನ್ನಿನ ಕಬ್ಬಿಣದ ಎರಕದ ಕಾರ್ಖಾನೆಗಳ ಕಾರ್ಮಿಕರ ಕುರಿತು ೨೦೧೭ರಲ್ಲಿ ಪ್ರಕಟವಾದ ಅಧ್ಯಯನವು ಸಿಲಿಕಾ ಧೂಳಿಗೆ ಹೆಚ್ಚಾಗಿ ಒಡ್ಡಿಕೊಂಡವರಲ್ಲಿ ಸಾರ್ಕಾಯಿಡೋಸಿಸ್ ಹೆಚ್ಚೆಂದು ತೋರಿಸಿದೆ. ನ್ಯೂಯಾರ್ಕಿನ ಜೋಡಿ ಗೋಪುರಗಳು ೨೦೦೧ರಲ್ಲಿ ಕುಸಿದ ಮೇಲೆ ಆ ಧೂಳಿನಲ್ಲಿ ಕೆಲಸ ಮಾಡಿದ ಅಗ್ನಿಶಾಮಕರಲ್ಲಿಯೂ ಇದೇ ಬಗೆಯ ಗಂಟಿನ ರೋಗ ಏರಿತು. ಧೂಳಿಗೆ ಋತುವಿಲ್ಲ, ಪಾಳಿಯಿದೆ. ಆದುದರಿಂದ ಹಿರಿಯರು ವೈದ್ಯರ ಮುಂದೆ ಕುಳಿತಾಗ ಬರಿಯ 'ರಿಟೈರ್ಡ್' ಎನ್ನದೆ ಯಾವ ವಿಭಾಗದಲ್ಲಿ, ಎಷ್ಟು ವರ್ಷ, ಯಾವ ಕೆಲಸವೆಂದು ಹೇಳಬೇಕು. ಸಿಲಿಕಾ ಧೂಳಿನಿಂದಲೇ ಬರುವ ಶ್ವಾಸಕೋಶದ ಬೇರೆ ಕಾಯಿಲೆಯೂ ಎಕ್ಸ್-ರೇಯಲ್ಲಿ ಇದನ್ನು ಹೋಲುವುದುಂಟು. ಬೇರ್ಪಡಿಸುವ ಕೆಲಸ ವೈದ್ಯರದು. ಹೇಳುವ ಕೆಲಸ ನಮ್ಮದು.

ನಮ್ಮ ವಾಚಕರ ಪತ್ನಿಗೆ ಯುಗಾದಿಯಲ್ಲಿ ಕಣ್ಣು, ಶಿವರಾತ್ರಿಯ ಬಳಿಕ ಕಾಲು ಎಂಬುದು ಎರಡೇ ಸಲದ ಮಾತು. ಎರಡು ಬಿಂದುಗಳ ನಡುವೆ ಯಾವ ಗೆರೆಯನ್ನಾದರೂ ಎಳೆಯಬಹುದು. ಋತುವಿನ ಸಂಬಂಧವುಂಟೆಂದು ಅವರ ಮನೆಯ ಮಟ್ಟಿಗೆ ನಾವು ಹೇಳಲಾರೆವು, ಇಲ್ಲವೆಂದೂ ಹೇಳಲಾರೆವು. ಆದರೆ ಕಣ್ಣಿಗೆ ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ವೈದ್ಯರಿಂದ ಒಳಗಿನವರೆಗೆ ಪರೀಕ್ಷೆ ಮಾಡಿಸಬೇಕು, ಒಮ್ಮೆ ಹೃದಯದ ಇ.ಸಿ.ಜಿ. ತೆಗೆಸಬೇಕು. ತಲೆಸುತ್ತಿ ಬಿದ್ದರೆ, ಎದೆಯ ಬಡಿತ ತಪ್ಪಿದಂತಾದರೆ ಅದೇ ದಿನ ತೋರಿಸಬೇಕು. ಈ ಗಂಟುಗಳು ಹೃದಯದ ನಡಿಗೆಯ ದಾರಿಯಲ್ಲಿ ಕುಳಿತಾಗ ಕಾಯುವ ಹೊತ್ತಿರುವುದಿಲ್ಲ.

ಜೊತೆಗೆ ಒಂದು ನೋಟುಪುಸ್ತಕ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳೇ ಸಾಕು. ಮೊದಲ ಕೆಮ್ಮು ಎಂದು, ಜ್ವರ ಎಂದು, ಹರಡು ಬಾತದ್ದೆಂದು, ಆ ವಾರ ಮನೆಯಲ್ಲಿ ಏನು ಕೆಲಸ ನಡೆದಿತ್ತು, ಹುಲ್ಲು ಇಳಿಸಿದರೋ, ಸುಣ್ಣ ಬಳಿದರೋ, ಹೊಸ ಕೂಲರ್ ತಂದರೋ, ಯಾವ ಮಾತ್ರೆ ಯಾವ ದಿನ ಶುರುವಾಗಿ ಯಾವ ದಿನ ನಿಂತಿತು ಎಂದು ಬರೆದಿಡುವುದು. ಎಕ್ಸ್-ರೇಗಳನ್ನು ಹಾಸಿಗೆಯ ಕೆಳಗೆ ಮಡಿಸಿಡದೆ ದಿನಾಂಕ ಬರೆದು ಒಟ್ಟಿಗೆ ಇಡುವುದು. ಹಳೆಯ ಚಿತ್ರ ಹೊಸ ಚಿತ್ರದ ಪಕ್ಕದಲ್ಲಿದ್ದಾಗಲೇ ಗ್ರಂಥಿ ಏರಿತೋ ಇಳಿಯಿತೋ ತಿಳಿಯುವುದು. ಇಂಗ್ಲಿಷ್ ತಾರೀಖು ನೆನಪಿಲ್ಲದ ಅಜ್ಜಿಯಂದಿರಿಗೆ ಆರಿದ್ರೆಯ ಮಳೆಗೆ ಮುಂಚೆಯೋ ಆಮೇಲೋ, ಗೌರಿಹಬ್ಬಕ್ಕೆ ಮೊದಲೋ ಅನಂತರವೋ ಎಂಬುದಾದರೂ ನೆನಪಿರುತ್ತದೆ. ಅದನ್ನೇ ಬರೆಯಬಹುದು, ತಿಂಗಳನ್ನು ವೈದ್ಯರು ಲೆಕ್ಕ ಹಾಕಿಕೊಳ್ಳುತ್ತಾರೆ.